ಒಳಗಿನ ಗಾಲಿ

ಲಾರಿಯ ಹಿಂದಿನ ಗಾಲಿಗಳು ಜೋಡಿಯಾಗಿರುತ್ತವೆ, ಒಂದರ ಪಕ್ಕಕ್ಕೆ ಒಂದು. ರಸ್ತೆಯಲ್ಲಿ ನಿಂತು ನೋಡುವವರಿಗೆ ಕಾಣುವುದು ಹೊರಗಿನದು ಮಾತ್ರ. ಒಳಗಿನದರ ಗಾಳಿ ಪೂರ್ತಿ ಇಳಿದಿದ್ದರೂ ಹೊರಗಿನದು ಅದರ ಪಾಲಿನ ಭಾರವನ್ನೂ ತಾನೇ ಹೊತ್ತು ನಿಂತುಬಿಡುತ್ತದೆ. ಗಾಡಿ ವಾಲುವುದಿಲ್ಲ, ಅನುಮಾನ ಬರುವಂಥದ್ದೇನೂ ಕಾಣುವುದಿಲ್ಲ. ಹಾಗೆಯೇ ಓಡಿಸುತ್ತ ಹೋದರೆ ಒಳಗಿನದು ಉಜ್ಜಿ ಉಜ್ಜಿ ಕಾಯುತ್ತದೆ, ಅದರ ಕಾವು ಹೊರಗಿನದಕ್ಕೂ ಹತ್ತುತ್ತದೆ. ಎರಡು ಆಳಿನ ಕೆಲಸ ಮಾಡುತ್ತಿರುವ ಹೊರಗಿನದು ಯಾವಾಗಲೋ ಒಮ್ಮೆ ಸಿಡಿಯುತ್ತದೆ. ಆಗ ಗಾಡಿ ಯಾವ ಕಡೆ ಹೋಗುತ್ತದೆ ಎಂಬುದು ಸ್ಟೇರಿಂಗ್ ಹಿಡಿದವನ ಕೈಯಲ್ಲಿ ಇರುವುದಿಲ್ಲ.

ಇದನ್ನು ಮೊದಲೇ ಹೇಳಿಬಿಡುವುದು ಯಾಕೆಂದರೆ, ನಾನು ಹೇಳಹೊರಟಿರುವ ದಿನ ನನ್ನ ಲಾರಿಯಲ್ಲಿ ಹೆಂಗಸರು ಮಕ್ಕಳು ಸೇರಿ ನಲವತ್ತು ಜನ ಕೂತಿದ್ದರು. ಒಳಗಿನ ಗಾಲಿಗಳು ಹೇಗಿವೆ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿದೆ ಎಂದು ಎಲ್ಲರ ಮುಂದೆ ಹೇಳಿ ಗಾಡಿ ಹತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿತ್ತು. ನಾನು ಗಜೇಂದ್ರಗಡದ ಒಬ್ಬ ವ್ಯಾಪಾರಿಯ ಆರು ಗಾಲಿಯ ಲಾರಿ ಓಡಿಸುತ್ತಿದ್ದೆ. ಕಡಲೆ, ಗೋವಿನಜೋಳ, ಉಳ್ಳಾಗಡ್ಡಿ, ಯಾವ ಕಾಲಕ್ಕೆ ಯಾವುದೋ ಅದು. ನರಗುಂದದ ಪೇಟೆಗೆ ತಿಂಗಳಲ್ಲಿ ಎಷ್ಟು ಸಲ ಹೋಗುತ್ತಿದ್ದೆನೋ ಲೆಕ್ಕವಿಲ್ಲ. ಆದರೆ ನನ್ನನ್ನು ಡ್ರೈವರನೆಂದು ಗುರುತಿಸುವವರಿಗಿಂತ ಗಾಲಿ ಬಡಿಯುವವನೆಂದು ಗುರುತಿಸುವವರೇ ಹೆಚ್ಚು.

ಗಾಲಿ ಬಡಿಯುವುದೆಂದರೆ ಇಷ್ಟೇ. ಜಾಲಿಕಟ್ಟಿಗೆಯ ಒಂದು ಕೊಡತಿ, ಅದಕ್ಕೆ ತೋಳುದ್ದದ ಹಿಡಿಕೆ. ಗಾಳಿ ತುಂಬಿದ ಗಾಲಿಗೆ ಬಡಿದರೆ ಕೊಡತಿ ಪುಟಿದು ಬರುತ್ತದೆ, ದನಿ ಚೊಕ್ಕವಾಗಿ ಏಳುತ್ತದೆ. ಗಾಳಿ ಇಳಿದದ್ದಕ್ಕೆ ಬಡಿದರೆ ಹಸಿ ಗೋಡೆಗೆ ಬಡಿದ ಹಾಗೆ ಧಪ್ ಎನ್ನುತ್ತದೆ. ಇಷ್ಟು ಯಾರಿಗಾದರೂ ತಿಳಿಯುತ್ತದೆ. ನನಗೆ ನಡುವಿನ ದನಿಗಳೂ ತಿಳಿಯುತ್ತಿದ್ದವು. ಎಡಗಡೆಯದಕ್ಕೆ ಇನ್ನಷ್ಟು ಬೇಕು, ಬಲಗಡೆಯದು ಹೆಚ್ಚಾಗಿದೆ ಬಿಡಿ ಎಂದು ನಾನು ಹೇಳಿದ ಮೇಲೆ ಗಾಳಿ ಅಳೆಯುವ ಮೀಟರ್ ಹಚ್ಚಿ ನೋಡಿದವರು ನಗುತ್ತ ತಲೆಯಾಡಿಸುತ್ತಿದ್ದರು. ಬೇರೆ ಡ್ರೈವರುಗಳು ಚಹಾದಂಗಡಿಯ ಮುಂದೆ ಗಾಡಿ ನಿಲ್ಲಿಸಿ, ನನ್ನನ್ನು ಕರೆದು ಬಡಿಸುತ್ತಿದ್ದರು. ಕಿಸೆಯಲ್ಲಿ ಮೀಟರ್ ಇಟ್ಟುಕೊಂಡು ತಿರುಗುವವರನ್ನು ಕಂಡರೆ ನನಗೆ ನಗು. ಹಣೆ ಮುಟ್ಟಿದರೆ ಜ್ವರ ತಿಳಿಯದವರು ಎಂದು ಚೇಷ್ಟೆ ಮಾಡುತ್ತಿದ್ದೆ.

ಆ ಕೊಡತಿ ಕೊಟ್ಟವರು ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದ ಉಸ್ತಾದರು. ವಯಸ್ಸಾದ ಮೇಲೆ ಲಾರಿ ಬಿಟ್ಟು ರೋಣದ ರಸ್ತೆಯ ಪಕ್ಕ ಗಾಳಿ ಹೊಡೆಯುವ, ಪಂಕ್ಚರ್ ತಿದ್ದುವ ಅಂಗಡಿ ಹಾಕಿಕೊಂಡಿದ್ದರು. ಕಲಿಸುವಾಗ ಎರಡು ಮಾತು ಹೇಳಿದ್ದರು. ಪ್ರತಿ ಸಲ ಹೊರಡುವ ಮುಂಚೆ ಕೊಡತಿ. ವಾರಕ್ಕೊಮ್ಮೆ, ಬೆಳಗ್ಗೆ, ಗಾಲಿ ತಣ್ಣಗಿರುವಾಗ ಮೀಟರ್. ಓಡಿ ಕಾದ ಗಾಲಿಯಲ್ಲಿ ಗಾಳಿ ಉಬ್ಬಿರುತ್ತದೆ, ಆಗ ಮೀಟರ್ ನೋಡಿ ಉಪಯೋಗವಿಲ್ಲ. "ಸತ್ತ ಗಾಲಿ ಕೊಡತಿಗೆ ತಿಳೀತೈತಿ ತಮ್ಮಾ, ಸಾಯಾಕತ್ತಿದ್ದು ಮೀಟರಿಗೇ ತಿಳೀಬೇಕು" ಎಂದಿದ್ದರು. ಮೊದಲನೆಯ ಮಾತನ್ನು ಹಿಡಿದುಕೊಂಡೆ. ಎರಡನೆಯದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಆಮೇಲೆ ಆ ಕಿವಿಯೇ ಹೋಗತೊಡಗಿತು. ಯಾವಾಗ ಶುರುವಾಯಿತೆಂದು ಹೇಳಲಾರೆ. ಇಪ್ಪತ್ತು ವರ್ಷ ಎಂಜಿನ್ನಿನ ಪಕ್ಕ ಕೂತವನ ಕಿವಿ ಅದು. ಮೊದಲು ಸಣ್ಣ ದನಿಗಳು ಹೋದವು, ಗುಬ್ಬಿಯದು, ಬಾಗಿಲ ಚಿಲಕದ್ದು, ಹಾಲು ಉಕ್ಕಿ ಒಲೆಗೆ ಬೀಳುವಾಗಿನದು. ಮಾಲೀಕರು ಒಂದು ಮೊಬೈಲ್ ಕೊಡಿಸಿದ್ದರು. ಅದು ಕಿಸೆಯಲ್ಲೇ ಕೂಗಿ ಕೂಗಿ ಸುಮ್ಮನಾಗುತ್ತಿತ್ತು. ಯಾಕೆ ಎತ್ತಲಿಲ್ಲ ಎಂದು ಕೇಳಿದರೆ ರೇಂಜ್ ಇರಲಿಲ್ಲ ಎನ್ನುತ್ತಿದ್ದೆ. ಗಜೇಂದ್ರಗಡದ ಗುಡ್ಡಗಳ ಪುಣ್ಯ, ಎಲ್ಲರೂ ನಂಬುತ್ತಿದ್ದರು. ಹಾರ್ನು ಕೇಳುತ್ತಿತ್ತು, ಎಂಜಿನ್ನು ಕೇಳುತ್ತಿತ್ತು, ಎದುರಿಗೆ ನಿಂತವರ ಮಾತನ್ನು ಅರ್ಧ ಕೇಳಿ ಅರ್ಧ ತುಟಿ ನೋಡಿ ಹಿಡಿಯುತ್ತಿದ್ದೆ. ಬಲಗಿವಿಗಿಂತ ಎಡಗಿವಿ ವಾಸಿ ಇತ್ತು. ಯಾರಿಗೂ ಗೊತ್ತಿಲ್ಲ ಎಂದುಕೊಂಡಿದ್ದೆ.

ಗೊತ್ತಾದರೆ ಲಾರಿ ಹೋಗುತ್ತದೆ. ಲಾರಿ ಬಿಟ್ಟರೆ ನನಗೆ ಬೇರೇನೂ ಬರುತ್ತಿರಲಿಲ್ಲ. ಹೆಂಡತಿಯ ಮಗ್ಗದ ಪಕ್ಕ ಕೂತು ನೂಲು ಸುತ್ತಬೇಕಾಗುತ್ತಿತ್ತು. ಆ ಯೋಚನೆ ಬಂದರೆ ಸಾಕು, ಎದುರಿಗೆ ಯಾರಿದ್ದರೆ ಅವರ ಮೇಲೆ ಹಾರಾಡುತ್ತಿದ್ದೆ. ಹೆದರಿಕೆ ನನಗೆ ಯಾವಾಗಲೂ ಸಿಟ್ಟಿನ ವೇಷ ಹಾಕಿಕೊಂಡೇ ಬರುವುದು.

ಬಡಿಯುವಾಗ ಹೊರಗಿನ ಗಾಲಿಗಳ ಚಿಂತೆ ಇರಲಿಲ್ಲ. ಕೊಡತಿ ಹೇಗೆ ಪುಟಿಯುತ್ತದೆ ಎಂಬುದು ಕೈಗೇ ತಿಳಿಯುತ್ತಿತ್ತು. ಒಳಗಿನವು ಹಾಗಲ್ಲ. ಲಾರಿಯ ಹಿಂದೆ ಬಗ್ಗಿ, ಕೈಯನ್ನು ಒಳಕ್ಕೆ ಚಾಚಿ, ಓರೆಯಾಗಿ ಬಡಿಯಬೇಕು. ಅಲ್ಲಿ ಕೈಗೆ ಏನೂ ತಿಳಿಯುವುದಿಲ್ಲ, ಕಿವಿಯೇ ಬೇಕು. ಎರಡು ವರ್ಷದಿಂದ ನಾನು ಒಳಗಿನ ಗಾಲಿಗಳಿಗೆ ಬಡಿಯುತ್ತಿದ್ದದ್ದು ಶಾಸ್ತ್ರಕ್ಕೆ. ಬಡಿದು, ತಲೆ ವಾರೆ ಮಾಡಿ, ಕೇಳಿದವನ ಹಾಗೆ ಒಂದು ಗಳಿಗೆ ನಿಂತು, ಸರಿ ಇದೆ ಎನ್ನುತ್ತಿದ್ದೆ. ಆ ಎರಡು ವರ್ಷದಲ್ಲಿ ದಾರಿಯ ನಡುವೆ ಗಾಡಿ ಒಮ್ಮೆಯೂ ಕೈಕೊಟ್ಟಿರಲಿಲ್ಲ. ಅದು ನನ್ನ ಕೈಗುಣವೆಂದು ನಂಬಿದ್ದೆ.

ಹೆಂಡತಿ ನೇಕಾರರ ಮಗಳು. ಮನೆಯಲ್ಲಿ ಕುಣಿಮಗ್ಗ ಇತ್ತು. ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತಳೆಂದರೆ ಸಂಜೆಯವರೆಗೂ ಸೀರೆ. ಎಳೆ ಕಡಿದರೆ ಕಣ್ಣಿಗಿಂತ ಮೊದಲು ಅವಳ ಕಿವಿಗೆ ತಿಳಿಯುತ್ತಿತ್ತು, ಲಾಳಿ ಓಡುವ ಸದ್ದೇ ಬದಲಾಗುತ್ತದಂತೆ. ನನಗಿಂತ ಮುಂಚೆ ಎದ್ದು, ಮನೆಯ ಮುಂದೆ ನಿಂತ ಲಾರಿಯ ಸುತ್ತ ಗುಡಿಸಿ, ನೀರು ಚಿಮುಕಿಸಿ, ರಂಗೋಲಿ ಹಾಕುತ್ತಿದ್ದಳು. ಅವಳದೊಂದು ಚಟವಿತ್ತು. ನಾನು ಹೊರಡುವ ಹೊತ್ತಿಗೆ ಯಾವಾಗಲಾದರೊಮ್ಮೆ, "ಯಾಕೋ ಎಡಗಡೆ ಕುಂತಂಗ ಕಾಣಸ್ತೈತ್ರಿ" ಎನ್ನುವಳು. ನಿನ್ನ ಮಗ್ಗ ನೀನು ನೋಡಿಕೋ ಎಂದು ಗದರುತ್ತಿದ್ದೆ. ಗದರಿದರೂ ಮನಸ್ಸು ತಡೆಯದೆ ಮುಂದಿನ ಗಾಳಿ ಅಂಗಡಿಯಲ್ಲಿ ನಿಲ್ಲಿಸಿದರೆ ಗಾಳಿ ಇಳಿದೇ ಇರುತ್ತಿತ್ತು. ಇವಳ ನಾಲಿಗೆಯ ಮೇಲೆ ಮಚ್ಚೆ ಇದೆ, ಅಂದದ್ದು ಆಗಿಬಿಡುತ್ತದೆ ಎಂದು ಬೈದುಕೊಳ್ಳುತ್ತಿದ್ದೆ.

ಅವಳ ಅಣ್ಣನ ಮಗಳ ಮದುವೆ ನರಗುಂದದಲ್ಲಿ, ಗಂಡಿನ ಮನೆಯಲ್ಲಿ. ಬಿರುಬೇಸಿಗೆ. ದಿಬ್ಬಣಕ್ಕೆ ನಮ್ಮ ಲಾರಿಯೇ ಇರಲಿ ಎಂದು ಮಾಲೀಕರು ಸಂತೋಷದಿಂದ ಕೊಟ್ಟರು. ಆ ದಿನಗಳಲ್ಲಿ ಮದುವೆಗೆ ಲಾರಿಯಲ್ಲೇ ಹೋಗುವುದು. ಹಿಂದೆ ಜಮಖಾನೆ ಹಾಸಿ, ಮೇಲೆ ತಾಡಪತ್ರಿ ಕಟ್ಟಿದರೆ ಮುಗಿಯಿತು. ಹೆಂಡತಿ ಎರಡು ದಿನ ಮುಂಚೆಯೇ ಗಜೇಂದ್ರಗಡದಲ್ಲೇ ಇದ್ದ ತವರುಮನೆ ಸೇರಿದ್ದಳು. ನಾನು ಹಿಂದಿನ ದಿನ ಮಧ್ಯಾಹ್ನ ಲಾರಿಯನ್ನು ಆ ಓಣಿಗೆ ಒಯ್ದು ಹಂದರದ ಪಕ್ಕ ನಿಲ್ಲಿಸಿದೆ. ಬಾಳೆಕಂಬ, ಮಾವಿನೆಲೆ, ಬಣ್ಣದ ಕಾಗದ ಕಟ್ಟಿ ಅದನ್ನೇ ಮದುಮಗಳ ಹಾಗೆ ಸಿಂಗರಿಸಿದರು.

ಬೆಳಗ್ಗೆ ಹೊರಡುವಾಗ ಓಣಿಯ ಜನವೆಲ್ಲ ನೆರೆದಿತ್ತು. ತೆಂಗಿನಕಾಯಿ ಒಡೆದರು, ಮುಂದಿನ ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು, ಬಡಿಯುವುದನ್ನು ನೋಡಲು. ನಾನು ಕೊಡತಿ ತೆಗೆದುಕೊಂಡು ಮುಂದಿನ ಎರಡು, ಹಿಂದಿನ ಹೊರಗಿನ ಎರಡು ಬಡಿದೆ. ಕೈ ಸರಿ ಎಂದಿತು. ಲಾರಿಯ ಹಿಂದೆ ಬಗ್ಗಿ ಬಲಗಡೆಯ ಒಳಗಿನದಕ್ಕೆ ಒಂದು, ಎಡಗಡೆಯ ಒಳಗಿನದಕ್ಕೆ ಒಂದು ಕೊಟ್ಟೆ. ಮಾರು ದೂರದಲ್ಲಿ ಬಾಜಾದವರು ಬಾರಿಸುತ್ತಿದ್ದರು.

ಹಿಂದೆಲ್ಲ ಒಳಗಿನ ಗಾಲಿ ಬಡಿಯುವಾಗ ನಾನು ಕೈಯೆತ್ತಿ ಜನರನ್ನು ಸುಮ್ಮನಿರಿಸುತ್ತಿದ್ದೆ. ಕಿವಿ ಇದ್ದವನು ಬಾಜಾ ನಿಲ್ಲಿಸಿ ಬಡಿಯುತ್ತಾನೆ. ಆ ದಿನ ನಿಲ್ಲಿಸಲಿಲ್ಲ. ನಿಲ್ಲಿಸಿ ಏನು ಕೇಳಬೇಕಿತ್ತು? ತಲೆ ವಾರೆ ಮಾಡಿ ನಿಂತೆ, ಸರಿ ಇದೆ ಎಂದೆ. ನೆಟ್ಟಗಾದಾಗ ಮದುಮಗಳ ಪಕ್ಕ ನಿಂತಿದ್ದ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆ ನೋಟಕ್ಕೆ ನನಗೆ ಸಿಟ್ಟು ಬಂತು, ಬೇಗ ಹತ್ತಿರಿ ಎಂದು ಎಲ್ಲರ ಮೇಲೂ ರೇಗಿದೆ.

ಕ್ಯಾಬಿನ್ನಿನಲ್ಲಿ ನನ್ನ ಪಕ್ಕ ಹೆಂಡತಿ, ಅವಳ ಪಕ್ಕ ಮದುಮಗಳು, ಎಡಗಿಟಕಿಗೆ ನನ್ನ ಅತ್ತೆ. ಹಿಂದೆ ನಲವತ್ತು ಜನ. ಹನ್ನೆರಡರ ಮೇಲೆ ಮುಹೂರ್ತ, ಅಕ್ಕಿಕಾಳು ಬೀಳಬೇಕಿತ್ತು. ಗುಡ್ಡದ ಸಾಲು ಹಿಂದೆ ಬಿದ್ದು ಎರೆಹೊಲಗಳ ನಡುವಿನ ರಸ್ತೆ ಸಿಕ್ಕಾಗ ಬಿಸಿಲು ಆಗಲೇ ಕಣ್ಣು ಕುಕ್ಕುತ್ತಿತ್ತು. ಒಂದು ಊರಿನ ಮುಂದೆ ರಸ್ತೆಯುಬ್ಬು ದಾಟುವಾಗ ಗಾಡಿಯ ಹಿಂಭಾಗ ಒಂದು ಗಳಿಗೆ ತಡವಾಗಿ ಎಡಕ್ಕೆ ತೂಗಿತು. ಕುಂಡಿಯ ಕೆಳಗಿನ ಸೀಟಿಗೆ ಅದು ಗೊತ್ತಾಯಿತು. ಹಿಂದೆ ಹುಡುಗರು ಕುಣಿಯುತ್ತಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ತಗ್ಗಿನಲ್ಲಿ ಮತ್ತೆ ತೂಗಿತು. ಮೂಟೆಗಳ ಹಾಗೆ ಮನುಷ್ಯರು ಒಂದೇ ಕಡೆ ಇರುವುದಿಲ್ಲವಲ್ಲ ಎಂದುಕೊಂಡೆ.

ರೋಣ ಹತ್ತಿರವಾದಾಗ ಹೆಂಡತಿ ಬಾಯಿ ತೆರೆದಳು. ಉಸ್ತಾದರ ಅಂಗಡಿಯ ಮುಂದೆ ಸ್ವಲ್ಪ ನಿಲ್ಲಿಸಿ, ನೀರು ಕುಡಿಯಬೇಕು ಎಂದಳು. ನೀರಿನ ಕೊಡ ಅವಳ ಕಾಲ ಬಳಿಯೇ ಇತ್ತು, ಅದನ್ನು ತೋರಿಸಿದೆ. ಮದುಮಗಳು ಉಸ್ತಾದರ ಕಾಲು ಮುಟ್ಟಿ ಹೋಗಲಿ, ಹಿರಿಯರು ಎಂದಳು. ಅಕ್ಕಿಕಾಳಿಗೆ ತಡವಾದರೆ ನಿನ್ನ ಅಣ್ಣನಿಗೆ ನೀನೇ ಉತ್ತರ ಹೇಳು ಎಂದು ಬಾಯಿ ಮುಚ್ಚಿಸಿದೆ. ಅವಳು ಯಾಕೆ ಕೇಳುತ್ತಿದ್ದಾಳೆಂದು ನನಗೆ ಗೊತ್ತಿತ್ತು. ಯಾವ ಲಾರಿ ಬಂದು ನಿಂತರೂ ಉಸ್ತಾದರು ಮಾತಿಗೆ ಮುಂಚೆ ಗಾಲಿಗಳನ್ನು ನೋಡುವವರು. ಅತ್ತೆಯ ಮುಂದೆ, ನಲವತ್ತು ಜನರ ಮುಂದೆ ಅವರು ನನ್ನ ಗಾಲಿ ನೋಡುವುದು ನನಗೆ ಬೇಕಿರಲಿಲ್ಲ.

ಅಂಗಡಿಯ ಮುಂದೆ ನಿಧಾನ ಮಾಡದೆ ದಾಟಿದೆ. ಉಸ್ತಾದರು ಕುರ್ಚಿಯಿಂದ ಎದ್ದದ್ದು ಕಂಡಿತು. ಎರಡೂ ಕೈ ಎತ್ತಿದರು, ಬಾಯಿ ತೆರೆದು ಮುಚ್ಚುತ್ತಿತ್ತು. ನಾನು ಕಿಟಕಿಯಿಂದ ಕೈ ಹೊರಹಾಕಿ ಸಲಾಮು ಮಾಡಿ ಹಾರ್ನು ಹೊಡೆದೆ. ಕನ್ನಡಿಯಲ್ಲಿ ನೋಡಿದರೆ ಅವರು ರಸ್ತೆಯ ನಡುವೆ ನಾಲ್ಕು ಹೆಜ್ಜೆ ಓಡಿ ಬಂದು ನಿಂತಿದ್ದರು. ಆ ವಯಸ್ಸಿನಲ್ಲಿ ಓಡಿದ್ದರು. ಒಂದು ಕೈ ಕೆಳಗೆ, ಗಾಲಿಯ ಕಡೆ ತೋರಿಸುತ್ತಿತ್ತು. ಅದನ್ನೂ ಕಂಡೆ. ದಿಬ್ಬಣಕ್ಕೆ ಆಶೀರ್ವಾದ ಮಾಡುತ್ತಿದ್ದಾರೆ ಎಂದು ಗಟ್ಟಿಯಾಗಿ ಹೇಳಿದೆ.

ರೋಣ ದಾಟಿ ಬೆಳವಣಕಿಯ ದಿಕ್ಕಿನ ರಸ್ತೆ ಹಿಡಿದ ಮೇಲೆ ಎದುರಿಗೆ ಗಾಡಿಗಳೂ ಕಡಿಮೆಯಾದವು. ಹೆಂಡತಿ ಮದುಮಗಳನ್ನು ದಾಟಿ ಎಡಗಿಟಕಿಯ ಕಡೆ ಬಾಗುವಳು, ಮತ್ತೆ ನೆಟ್ಟಗೆ ಕೂಡುವಳು. ಏನು ಹೊಯ್ದಾಟ ಎಂದು ಕೇಳಿದರೆ ಸೆಕೆ ಎಂದಳು. ಸ್ವಲ್ಪ ಹೊತ್ತಿಗೆ ಮದುಮಗಳು, "ಮಾಮಾ, ಏನೋ ಸುಟ್ಟ ವಾಸನಿ ಬರಾಕತ್ತೈತಿ" ಎಂದಳು. ಯಾರೋ ಹೊಲದಲ್ಲಿ ಕಸ ಸುಡುತ್ತಿರಬೇಕು ಎಂದೆ. ಕಿವಿ ಹೋಗಿತ್ತೇ ಹೊರತು ನನ್ನ ಮೂಗು ಹೋಗಿರಲಿಲ್ಲ. ಅದು ರಬ್ಬರಿನ ವಾಸನೆ. ಇಪ್ಪತ್ತು ವರ್ಷ ಲಾರಿ ಓಡಿಸಿದವನಿಗೆ ಅದು ಅನ್ನ ಸೀದ ವಾಸನೆಯಷ್ಟೇ ಗುರುತು.

ಆಗಲೂ ನಿಲ್ಲಿಸಲಿಲ್ಲ. ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ವೇಗ ಇಳಿಸಿದೆ, ನಿಧಾನ ಹೋದರೆ ತಣ್ಣಗಾಗುತ್ತದೆ ಎಂದುಕೊಂಡೆ. ಮುಂದಿನ ಊರು ಬರಲಿ, ಚಹಾದ ನೆಪ ಮಾಡಿ ನಿಲ್ಲಿಸಿ ಒಬ್ಬನೇ ನೋಡುತ್ತೇನೆ ಎಂದುಕೊಂಡೆ. ಗಾಡಿಯ ಹಿಂಭಾಗ ಈಗ ತಗ್ಗಿಲ್ಲದ ಕಡೆಯೂ ತೂಗುತ್ತಿತ್ತು. ಹಿಂದಿನ ಗಾಜಿನಲ್ಲಿ ಚಪ್ಪಾಳೆ ತಟ್ಟಿ ಹಾಡುತ್ತಿದ್ದ ಹೆಂಗಸರು ಕಾಣುತ್ತಿದ್ದರು. ಅವರಲ್ಲೊಬ್ಬಳ ಮಡಿಲಲ್ಲಿ ಕೂಸು ಮಲಗಿತ್ತು. ನಾನು ಆ ಕೂಸನ್ನು ನೋಡಿದೆ, ಮತ್ತೆ ರಸ್ತೆ ನೋಡಿದೆ. ಕಾಲು ಮಾತ್ರ ಎಕ್ಸಲೇಟರ್ ಬಿಡಲಿಲ್ಲ.

"ಗಾಡಿ ನಿಲ್ಲಸ್ರಿ" ಎಂದಳು ಹೆಂಡತಿ.

ಸುಮ್ಮನೆ ಕೂಡು ಎಂದು ಕಿರುಚಿದೆ. ಅವಳು ನನ್ನ ಎಡಗಿವಿಯ ಹತ್ತಿರಕ್ಕೆ ಬಂದಳು.

"ಎಡಗಡಿ ಒಳಗಿನ ಗಾಲಿ ಬಡಕೊಳ್ಳಾಕತ್ತೈತಿ. ರೋಣ ಬರೂ ಮೊದಲಿಂದ ನಂಗ ಕೇಳಸಾಕತ್ತೈತಿ. ನಿಮಗ ಕಿವಿ ಕೇಳಂಗಿಲ್ರಿ. ನಿಲ್ಲಸ್ರಿ."

ಎಷ್ಟೋ ದಿನಗಳ ಮೇಲೆ ಒಂದು ಮಾತನ್ನು ನಾನು ತುಟಿ ನೋಡದೆ ಪೂರ್ತಿ ಕೇಳಿದ್ದೆ. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವಳು ನಾಲ್ಕು ಜನರ ಮುಂದೆ ನನ್ನ ಮಾತಿಗೆ ಎದುರಾಡಿದವಳಲ್ಲ. ಈಗ ಹೆತ್ತ ತಾಯಿಯ ಮುಂದೆ, ಹಸೆಮಣೆ ಏರಲಿರುವ ಹುಡುಗಿಯ ಮುಂದೆ ಆಡಿಬಿಟ್ಟಿದ್ದಳು. ರಕ್ತವೆಲ್ಲ ಮುಖಕ್ಕೆ ಏರಿತು. ಅತ್ತೆ ಇರದಿದ್ದರೆ ಏನು ಮಾಡುತ್ತಿದ್ದೆನೋ ಹೇಳಲಾರೆ. ಅತ್ತೆ ಏನೂ ಕೇಳದವರ ಹಾಗೆ ಕಿಟಕಿಯ ಹೊರಗೆ ನೋಡುತ್ತಿದ್ದರು. ನನ್ನ ಮಾನ ಕಾಯಲು ಅವರೂ ಕಿವುಡರಾಗಿದ್ದರು. ಅದನ್ನು ಕಂಡ ಮೇಲೆ ಸಿಟ್ಟು ನಿಲ್ಲಲಿಲ್ಲ, ಅದರ ಕೆಳಗಿದ್ದ ಹೆದರಿಕೆ ಮಾತ್ರ ಉಳಿಯಿತು.

ಬ್ರೇಕ್ ಒತ್ತಲಿಲ್ಲ. ಅಂಥ ಗಾಲಿಯ ಮೇಲೆ ಜೋರಾಗಿ ಬ್ರೇಕ್ ಹಾಕಿದರೆ ಅಲ್ಲಿಗೇ ಮುಗಿಯುತ್ತದೆ. ಕಾಲು ಎತ್ತಿ, ಗೇರು ಒಂದೊಂದಾಗಿ ಇಳಿಸಿ, ಸ್ಟೇರಿಂಗನ್ನು ಎದೆಗೆ ಅವುಚಿ ಹಿಡಿದು, ಗಾಡಿ ತಾನಾಗಿ ಸೋಲುವವರೆಗೂ ಬಿಟ್ಟೆ. ಒಂದು ಬೇವಿನ ಮರ ದಾಟಿ ಅದು ನಿಂತಿತು. ಕೆಳಗೆ ಹಾರಿ, ಎಲ್ಲರೂ ಬಲಗಡೆಯಿಂದ ಇಳಿಯಿರಿ, ಎಡಕ್ಕೆ ಯಾರೂ ಬರಬೇಡಿ, ಹೊಲದ ಒಳಗೆ ದೂರ ಹೋಗಿ ಎಂದು ಕೂಗಿದೆ. ಹಾಡು ನಿಂತಿತು. ಮಕ್ಕಳನ್ನು ಕೈಯಿಂದ ಕೈಗೆ ಇಳಿಸಿದರು. ಕೂಸನ್ನು ನಾನೇ ಇಸಿದುಕೊಂಡೆ. ಅದು ನಿದ್ದೆಯಲ್ಲೇ ಇತ್ತು.

ಎಲ್ಲರೂ ದೂರವಾದ ಮೇಲೆ ನೋಡಿದೆ. ಎಡಗಡೆಯ ಎರಡು ಗಾಲಿಗಳ ನಡುವಿನಿಂದ ಹೊಗೆ ಎಳೆ ಎಳೆಯಾಗಿ ಏಳುತ್ತಿತ್ತು. ಒಳಗಿನದರ ರಬ್ಬರು ಚಿಂದಿಯಾಗಿ ಕಬ್ಬಿಣದ ಬಳೆಗೆ ಸುತ್ತಿಕೊಂಡಿತ್ತು. ಹೊರಗಿನದರ ಪಕ್ಕೆಯಲ್ಲಿ ತೆಂಗಿನಕಾಯಿಯಷ್ಟು ಉಬ್ಬು ಎದ್ದಿತ್ತು. ಇನ್ನು ಎಷ್ಟು ದೂರ ತಡೆಯುತ್ತಿತ್ತೋ ದೇವರೇ ಬಲ್ಲ. ಹೆಂಡತಿಯ ಅಣ್ಣ, ಮದುಮಗಳ ತಂದೆ, ಕೈಯಲ್ಲಿನ ಗಡಿಯಾರ ನೋಡಿಕೊಳ್ಳುತ್ತ ಕುಡಿಯುವ ನೀರಿನ ಕೊಡ ಎತ್ತಿಕೊಂಡು ಓಡಿಬಂದ, ಸುರಿದು ತಣ್ಣಗೆ ಮಾಡಿ ಬೇಗ ಬದಲಿಸೋಣ ಎಂದ. ಅವನ ರಟ್ಟೆ ಹಿಡಿದು ಹಿಂದಕ್ಕೆ ಎಳೆದೆ. ಕಾದ ಗಾಲಿಯ ಹತ್ತಿರ ಹೋಗುವಂತಿಲ್ಲ, ಕಾಯಲೇಬೇಕು ಎಂದೆ. ಅವನು ನನ್ನನ್ನು ನೋಡಿದ. ಬೆಳಗ್ಗೆ ಬಡಿದು ಸರಿ ಇದೆ ಅಂದಿರಲ್ಲ ಎಂದು ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು.

ಅಷ್ಟರಲ್ಲಿ ಉಸ್ತಾದರು ಮೊಪೆಡ್ಡಿನ ಮೇಲೆ ಬಂದರು. ರೋಣದಿಂದ ನಮ್ಮ ಬೆನ್ನು ಹತ್ತಿದ್ದರು. ಹೆಗಲ ಚೀಲದಲ್ಲಿ ಬೋಲ್ಟು ಬಿಚ್ಚುವ ಪಾನೆ, ಮೀಟರ್. ಬೈಯುತ್ತಾರೆ ಎಂದು ಕಾದೆ, ಬೈಯಲಿಲ್ಲ. ಮರದ ನೆರಳಿಗೆ ಕೂತು ಟೋಪಿ ತೆಗೆದು ಬೆವರು ಒರೆಸಿಕೊಂಡರು. ಎಲ್ಲರೂ ಕಾದೆವು. ಬಿಸಿಲಲ್ಲಿ ನಿಂತ ಮದುಮಗಳ ತಲೆಯ ಮೇಲೆ ಹೆಂಡತಿ ಸೆರಗು ಹಿಡಿದಿದ್ದಳು. ಬಹಳ ಹೊತ್ತಿನ ಮೇಲೆ ಉಸ್ತಾದರು ಎದ್ದು, ಗಾಲಿಗೆ ಅಂಗೈ ಹತ್ತಿರ ಹಿಡಿದು ನೋಡಿ, ಬೋಲ್ಟು ಬಿಚ್ಚುವ ಮುಂಚೆ ಹೊರಗಿನದರ ಗಾಳಿ ಪೂರ್ತಿ ಬಿಡಬೇಕು ಎಂದರು. ಗಾಲಿಯ ಎದುರಿಗೆ ನಿಲ್ಲದೆ ಒಂದು ಪಕ್ಕಕ್ಕೆ ಕೂತು ವಾಲ್ವಿನ ಪಿನ್ನಿಗೆ ಕೈ ಹಾಕಿದರು. ನಾನು ಅವರ ಬೆನ್ನ ಹಿಂದೆ ನಿಂತಿದ್ದೆ. ಕಾದೆ. ಅವರು ಕೂತೇ ಇದ್ದರು. ತಾಳ್ಮೆ ತಪ್ಪಿತು.

"ಉಸ್ತಾದ್, ಪಿನ್ನು ತಗೀರಿ ಇನ್ನ" ಎಂದೆ.

ಹೊಲದಲ್ಲಿ ನಿಂತ ಜನ ಒಟ್ಟಿಗೆ ನನ್ನ ಕಡೆ ನೋಡಿದರು. ಉಸ್ತಾದರ ಮೊಣಕಾಲ ಮುಂದೆ ಧೂಳು ಏಳುತ್ತಿದ್ದದ್ದು ನನಗೆ ಆಗ ಕಂಡಿತು. ಒಬ್ಬ ತಾಯಿ ಗಾಳಿಯ ಸದ್ದಿಗೆ ಹೆದರಿದ ಮಗುವಿನ ಕಿವಿಯನ್ನು ಎರಡೂ ಕೈಯಿಂದ ಮುಚ್ಚಿದ್ದಳು. ಉಸ್ತಾದರು ನಿಧಾನಕ್ಕೆ ನನ್ನ ಕಡೆ ತಿರುಗಿದರು, ತಮ್ಮ ತುಟಿ ನನಗೆ ಕಾಣುವ ಹಾಗೆ.

"ತಗದು ಭಾಳ ಹೊತ್ತಾತ ತಮ್ಮಾ" ಎಂದರು.

ಗಾಲಿ ಬಿಚ್ಚಿದಾಗ ಒಳಗಿನದರಲ್ಲಿ ಬೆರಳುದ್ದದ ಮೊಳೆ ಸಿಕ್ಕಿತು. ಮದುವೆಯ ಹಂದರಕ್ಕೆ ಹೊಡೆದ ಮೊಳೆಗಳಲ್ಲಿ ಒಂದು. ಹಿಂದಿನ ದಿನ ಹಂದರದ ಪಕ್ಕ ಗಾಡಿ ನಿಲ್ಲಿಸುವಾಗಲೇ ಹೊಕ್ಕಿರಬೇಕು. ಬೆಳಗಾಗುವುದರೊಳಗೆ ಗಾಳಿ ಪೂರ್ತಿ ಇಳಿದಿತ್ತು. ನಾನು ಬಡಿದದ್ದು ಸತ್ತ ಗಾಲಿಗೇ. ಕಿವಿ ಇದ್ದ ಯಾವನಿಗಾದರೂ ಒಂದೇ ಪೆಟ್ಟಿಗೆ ತಿಳಿಯುತ್ತಿತ್ತು.

ಉಬ್ಬಿದ ಹೊರಗಿನದನ್ನು ತೆಗೆದು ಹಾಕಿ, ಅದರ ಜಾಗಕ್ಕೆ ಸ್ಟೆಪ್ನಿ ಹಾಕಿದೆವು. ಎಡಗಡೆ ಒಂದೇ ಗಾಲಿಯ ಮೇಲೆ ಜನರನ್ನು ಹೇರುವುದು ಬೇಡ ಎಂದು ಉಸ್ತಾದರು ಬೆಳವಣಕಿಗೆ ಹೇಳಿಕಳಿಸಿ ಎರಡು ಟ್ರ್ಯಾಕ್ಟರು ತರಿಸಿದರು. ದಿಬ್ಬಣ ಅವನ್ನು ಹತ್ತಿತು. ಉಸ್ತಾದರು ಕೇಳುವ ಮುಂಚೆ ನಾನೇ ಲಾರಿಯ ಕೀಲಿಯನ್ನು ಅವರ ಕೈಗೆ ಕೊಟ್ಟೆ. ಬರಿಯ ಲಾರಿಯನ್ನು ಅವರು ನಿಧಾನಕ್ಕೆ ಓಡಿಸಿದರು, ನಾನು ಪಕ್ಕದಲ್ಲಿ ಕೂತೆ. ಆ ಸೀಟಿನಲ್ಲಿ ನಾನು ಎಂದೂ ಕೂತಿರಲಿಲ್ಲ. ಅಕ್ಕಿಕಾಳು ತಡವಾಗಿ ಬಿದ್ದವು, ಆದರೆ ಬಿದ್ದವು. ನಾನು ಹಂದರದ ಕೊನೆಯಲ್ಲಿ ನಿಂತು ಎಸೆದೆ.

ಆಮೇಲೆ ನಾನು ಲಾರಿ ಓಡಿಸಲಿಲ್ಲ. ಮಾಲೀಕರ ಮನೆಗೆ ಹೋಗಿ ಕಿವಿಯ ವಿಷಯ ನಾನೇ ಹೇಳಿದೆ. ಉಸ್ತಾದರ ಅಂಗಡಿಯಲ್ಲಿ ಗಾಳಿ ಹೊಡೆಯಲು ಸೇರಿಕೊಂಡೆ. ಅಲ್ಲಿ ಕಿವಿ ಬೇಕಿಲ್ಲ, ಮೀಟರಿನ ಮುಳ್ಳು ನೋಡುವ ಕಣ್ಣು ಸಾಕು. ನಮ್ಮ ಗಾಲಿ ಬಡಿದು ನೋಡಿ ಎಂದು ಹಳೆಯ ಡ್ರೈವರುಗಳು ಕೇಳಿದರೆ ಮೀಟರ್ ಎತ್ತಿ ತೋರಿಸುತ್ತೇನೆ. ಒಳಗಿನ ಗಾಲಿಗೇ ಮೊದಲು ಹಚ್ಚುತ್ತೇನೆ.

ಆದರೆ ಹೇಳಬೇಕಾದದ್ದು ಇದಲ್ಲ. ಮದುವೆ ಮುಗಿಸಿ ಬಂದ ಮಾರನೆಯ ಬೆಳಗ್ಗೆ. ಹೊಸ ಗಾಲಿ ಹಾಕಿಸಿ ಉಸ್ತಾದರು ಓಡಿಸಿ ತಂದ ಲಾರಿ ಮಾಲೀಕರ ಮನೆಗೆ ಹೋಗುವುದಕ್ಕೆ ನಮ್ಮ ಮನೆಯ ಮುಂದೆ ನಿಂತಿತ್ತು. ನನಗೆ ನಿದ್ದೆ ಬಂದಿರಲಿಲ್ಲ, ಎಂದಿಗಿಂತ ಮುಂಚೆ ಎದ್ದು ಹೊರಗೆ ಬಂದೆ. ಕಸಬರಿಗೆ ಗೋಡೆಗೆ ಒರಗಿತ್ತು. ಹೆಂಡತಿ ಲಾರಿಯ ಹಿಂದೆ ಕುಕ್ಕರುಗಾಲಿನಲ್ಲಿ ಕೂತು, ಮಗ್ಗದ ಒಂದು ಹಳೆಯ ಕಟ್ಟಿಗೆಯನ್ನು ಒಳಕ್ಕೆ ಚಾಚಿ, ಒಳಗಿನ ಗಾಲಿಗೆ ಬಡಿಯುತ್ತಿದ್ದಳು. ಬಡಿದು, ತಲೆ ವಾರೆ ಮಾಡಿ, ಒಂದು ಗಳಿಗೆ ಕೇಳುವಳು. ನನಗೆ ಏನೂ ಕೇಳಿಸಲಿಲ್ಲ.

ನನ್ನನ್ನು ಕಂಡು ಬೆಚ್ಚಿ ಕಟ್ಟಿಗೆಯನ್ನು ಸೆರಗಿನಲ್ಲಿ ಮುಚ್ಚಿದಳು. ಎಷ್ಟು ದಿನದಿಂದ ಎಂದು ಕೇಳಿದೆ. ಎರಡು ವರ್ಷವಾಯಿತು ಎಂದಳು. ನನಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳ್ತಿದ್ನಲ್ರಿ, ಎಡಗಡೆ ಕುಂತಂಗ ಕಾಣಸ್ತೈತಿ ಅಂತ."

ಹೌದು, ಹೇಳುತ್ತಿದ್ದಳು. ನಾನು ಕಟ್ಟೆಯ ಮೇಲೆ ಕೂತೆ. ಅವಳು ನನಗೆ ಕಾಣುವ ಹಾಗೆ ಮುಖ ಎತ್ತಿ, ನಾನು ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರ ಹೇಳಿದಳು.

"ಮದುವಿ ದಿನ ಬೆಳಗಿನ್ಯಾಗ ಗಾಲಿ ತನಕ ಬಂದಿದ್ನಿರಿ. ಹಂದರದ ತುಂಬ ಮಂದಿ ಎದ್ದಿದ್ರು. ನಾ ಬಡಿಯೂದು ಕಂಡ್ರ ನಿಮ್ಮ ಹೆಸರು ಹೋಗ್ತಿತ್ತು. ಹೊಳ್ಳಿ ಹೋದೆ."

ನನ್ನ ಹೆಸರು. ಅದಕ್ಕಾಗಿ ನಾನೂ ನಿಲ್ಲಿಸಿರಲಿಲ್ಲ, ಅವಳೂ ಬಡಿದಿರಲಿಲ್ಲ. ಆ ಲಾರಿಯಲ್ಲಿ ಕೂತಿದ್ದದ್ದು ಅವಳ ಸ್ವಂತ ಅಣ್ಣನ ಮಗಳು, ಅವಳ ತಾಯಿ. ನನಗೆ ಅಳು ಬಂತು. ಅಪ್ಪ ಸತ್ತಾಗ ಅತ್ತ ಮೇಲೆ ಅದೇ ಮೊದಲು.

ಆಮೇಲೆ ಎದ್ದು ಕ್ಯಾಬಿನ್ನಿನಿಂದ ಜಾಲಿಯ ಕೊಡತಿ ತಂದು ಅವಳ ಕೈಗೆ ಕೊಟ್ಟೆ, ಉಳಿದದ್ದನ್ನು ಬಡಿ ಎಂದೆ. ಓಣಿಯಲ್ಲಿ ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತು ನೋಡುತ್ತಿದ್ದರು. ಅವಳು ಆರೂ ಗಾಲಿಗಳನ್ನು ಬಡಿದಳು. ಪ್ರತಿಯೊಂದಕ್ಕೂ ನನ್ನ ಕಡೆ ತಿರುಗಿ, ನನಗೆ ತುಟಿ ಕಾಣುವ ಹಾಗೆ, ಸರಿ ಐತ್ರಿ ಎಂದಳು.